ಮನೆಯ ಡಿ.ವಿ.ಡಿ.ಗಳ ಆಯುಷ್ಯವೆಷ್ಟು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲಿ ಕುಂದಗೋಳವನ್ನು ದಾಟಿದ ಮೇಲೆ ಸಂಶಿ ಎಂಬ ಊರು ಬರುತ್ತದೆ. ಸುತ್ತಲೂ ಎರೆಭೂಮಿ, ಹತ್ತಿ, ಮೆಣಸಿನಕಾಯಿ, ಜೋಳ, ಕಡಲೆ ಬೆಳೆಯುವ ಸೀಮೆ. ಅಲ್ಲಿ ದೂರದ ಸಂಬಂಧದಿಂದ ನನಗೆ ಅಕ್ಕನಾಗಬೇಕಾದವರೊಬ್ಬರ ಮನೆಯಿದೆ. ಈಚೆಗೆ ಒಂದು ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ, ಊಟವಾದ ಮೇಲೆ ಅಕ್ಕ ಒಂದು ಡಿ.ವಿ.ಡಿ.ಯನ್ನು ತಂದು ನನ್ನ ಕೈಯಲ್ಲಿಟ್ಟರು. 2006ರಲ್ಲಿ ನಡೆದ ಮಗಳ ಮದುವೆಯ ಚಿತ್ರ. ಭಾವನವರು ತೀರಿಕೊಂಡು ಆಗಲೇ ನಾಲ್ಕು ವರ್ಷಗಳಾಗಿದ್ದವು. ಅವರ ಭಾವಚಿತ್ರಗಳು ಗೋಡೆಯ ಮೇಲಿದ್ದವು. ಅವರ ದನಿ ಇದ್ದುದು ಆ ಒಂದು ಡಿಸ್ಕಿನಲ್ಲಿ ಮಾತ್ರ.

ನೆರೆಮನೆಯಿಂದ ಹಳೆಯ ಪ್ಲೇಯರೊಂದನ್ನು ತಂದು ಹಚ್ಚಿ ನೋಡಿದೆವು. ದೇವರ ಕಾರ್ಯ, ಅರಿಶಿನ, ಅಕ್ಕಿಕಾಳು, ಊಟದ ಪಂಕ್ತಿ ಎಲ್ಲವೂ ಬಂದವು. ಮಗಳನ್ನು ಬೀಗರಿಗೆ ಒಪ್ಪಿಸಿಕೊಡುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ದನಿ ತೊದಲಿತು, ಆಮೇಲೆ ಎಲ್ಲವೂ ನಿಂತುಹೋಯಿತು. ಭಾವನವರು ಮಾತಾಡಿದ್ದು ಅಲ್ಲಿಯೇ. ಅದೇ ಕಪಾಟಿನಲ್ಲಿದ್ದ ಸಿನೆಮಾದ ಡಿಸ್ಕೊಂದನ್ನು ಹಾಕಿದರೆ ಅದು ಮೊದಲಿನಿಂದ ಕೊನೆಯವರೆಗೆ ಸರಾಗವಾಗಿ ಓಡಿತು. ಅದನ್ನು ಕೊಂಡದ್ದೂ ಹೆಚ್ಚುಕಡಿಮೆ ಆ ವರ್ಷವೇ. ಅಕ್ಕ ಕೇಳಿದರು: “ತಮ್ಮಾ, ಅಂಗಡ್ಯಾಗ ತಂದ ಸಿನೆಮಾ ನಡೀತೈತಿ, ನಮ್ಮನಿ ಮದುವಿ ಯಾಕ ನಡ್ಯಾಂಗಿಲ್ಲ?”

ಈ ಪ್ರಶ್ನೆ ಸಂಶಿಯ ಒಂದು ಮನೆಯದಲ್ಲ. ಈ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ನಡೆದ ಮದುವೆ, ಸೀಮಂತ, ತೊಟ್ಟಿಲು, ಗೃಹಪ್ರವೇಶಗಳ ಚಿತ್ರಗಳೆಲ್ಲ ಬಹುಮಟ್ಟಿಗೆ ಇಂಥ ಡಿಸ್ಕುಗಳಲ್ಲಿಯೇ ಇವೆ. ವೀಡಿಯೊ ಕ್ಯಾಸೆಟ್ಟುಗಳಲ್ಲಿದ್ದ ಹಿಂದಿನ ಚಿತ್ರಗಳನ್ನೂ ‘ಇದರಲ್ಲಿ ಭದ್ರ’ ಎಂಬ ನಂಬಿಕೆಯಿಂದ ಅನೇಕರು ಡಿಸ್ಕುಗಳಿಗೆ ಇಳಿಸಿಕೊಂಡರು. ಆ ಭದ್ರತೆ ಎಷ್ಟು ಕಾಲದ್ದು ಎಂಬುದನ್ನು ಈಗ ವಿಚಾರಿಸಬೇಕಾಗಿದೆ.

ಅಕ್ಕನ ಪ್ರಶ್ನೆಗೆ ಉತ್ತರ ಡಿಸ್ಕನ್ನು ಮಾಡುವ ಬಗೆಯಲ್ಲಿಯೇ ಇದೆ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಆ ಎರಡು ಡಿಸ್ಕುಗಳು ನಿಜವಾಗಿ ಬೇರೆ ಬೇರೆ ಜಾತಿಯವು. ಸಿನೆಮಾದ ಡಿಸ್ಕು ಅಚ್ಚೊತ್ತಿದ್ದು. ಕಾರ್ಖಾನೆಯಲ್ಲಿ ಒಂದು ಮೂಲ ಅಚ್ಚನ್ನು ಮಾಡಿ, ಅದರಿಂದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಮೇಲೆ ಅತಿ ಸಣ್ಣ ಕುಳಿಗಳನ್ನು ಒತ್ತಿ, ಮೇಲೆ ತೆಳುವಾದ ಲೋಹದ ಲೇಪ ಕೊಡುತ್ತಾರೆ. ಚಿತ್ರವೂ ದನಿಯೂ ಈ ಕುಳಿಗಳ ಆಕಾರದಲ್ಲಿರುತ್ತವೆ. ಅಂದರೆ ಅದು ಕೆತ್ತನೆಯ ಕೆಲಸ, ಶಿಲಾಶಾಸನದ ಜಾತಿಯದು.

ಹಳೆಯ ಗ್ರಾಮೊಫೋನ್ ತಟ್ಟೆಯೂ ಇದೇ ಕುಲದ್ದು. ಸಂಶಿಯ ನೆರೆಯ ಕುಂದಗೋಳದಲ್ಲಿ ನೆಲೆಸಿ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಶಿಷ್ಯರಿಗೆ ವಿದ್ಯೆ ಕೊಟ್ಟ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ಕಂಠ ಇಂದಿಗೂ ನಮಗೆ ಕೇಳಿಸುತ್ತಿರುವುದಕ್ಕೆ ಒಂದು ಬದಿಗೆ ಮೂರೋ ಮೂರೂವರೆಯೋ ನಿಮಿಷ ಮಾತ್ರ ಹಿಡಿಸುತ್ತಿದ್ದ ಅಂಥ ಅರಗಿನ ತಟ್ಟೆಗಳೂ ಕಾರಣ. ಭಾರತದಲ್ಲಿ ಗ್ರಾಮೊಫೋನ್ ಧ್ವನಿಮುದ್ರಣ ಮೊದಲಾದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಅಂದು ಗೌಹರ್ ಜಾನ್ ಹಾಡಿದ್ದನ್ನು ನೂರಿಪ್ಪತ್ತು ವರ್ಷಗಳ ಮೇಲೂ ಕೇಳಬಹುದಾಗಿದೆ. ಬಿದ್ದರೆ ಒಡೆಯುವ ಆ ತಟ್ಟೆ, ಬೀಳದಿದ್ದರೆ ಶತಮಾನವನ್ನು ದಾಟುತ್ತದೆ.

ಮನೆಯಲ್ಲಿಯೋ ಸ್ಟುಡಿಯೋದಲ್ಲಿಯೋ ನಾವು ತುಂಬಿಸಿಕೊಳ್ಳುವ ಡಿಸ್ಕು ಹೀಗಲ್ಲ. ಅದರಲ್ಲಿ ಪ್ಲಾಸ್ಟಿಕ್ಕಿಗೂ ಲೋಹದ ಲೇಪಕ್ಕೂ ನಡುವೆ ಬಣ್ಣದ ಒಂದು ಪದರವಿರುತ್ತದೆ. ಸೀರೆಗೆ ಹಾಕುವ ಬಣ್ಣದಂತೆಯೇ ಇದೂ ಒಂದು ಸಾವಯವ ವರ್ಣದ್ರವ್ಯ. ಬರೆಯುವ ಯಂತ್ರದ ಲೇಸರ್ ಕಿರಣ ಈ ಬಣ್ಣವನ್ನು ಅಲ್ಲಲ್ಲಿ ಕಾಯಿಸಿ ಕೆಡಿಸುತ್ತದೆ. ಕೆಟ್ಟ ಜಾಗದಲ್ಲಿ ಬೆಳಕು ಕಡಮೆ ಪ್ರತಿಫಲಿಸುತ್ತದೆ, ಕೆಡದ ಜಾಗದಲ್ಲಿ ಹೆಚ್ಚು. ಇದೇ ಅದರ ಲಿಪಿ. ‘ಡಿಸ್ಕ್ ಬರ್ನ್ ಮಾಡುವುದು’ ಎಂದು ನಾವೆಲ್ಲ ಆಡುವ ಮಾತು ಅಲಂಕಾರವಲ್ಲ. ಅಲ್ಲಿ ನಿಜವಾಗಿಯೂ ಸುಡುವ ಕೆಲಸ ನಡೆಯುತ್ತದೆ. ಡಿ.ವಿ.ಡಿ.ಯ ಮೇಲೆ ಈ ಬರವಣಿಗೆಯ ಸುರುಳಿಸಾಲು ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಬಿಚ್ಚಿ ಹಾಸಿದರೆ ಅದರ ಉದ್ದ ಸುಮಾರು 12 ಕಿಲೋಮೀಟರು. ಒಂದು ಸಾಲಿಗೂ ಇನ್ನೊಂದಕ್ಕೂ ಇರುವ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಮೆ.

ಬಣ್ಣವೆಂದ ಮೇಲೆ ಅದರ ಗುಣವೂ ಬಂತು. ಬಿಸಿಲಿಗೆ ಹಾಕಿದ ಸೀರೆ ಮಾಸುವಂತೆ ಈ ಬಣ್ಣವೂ ಬೆಳಕಿಗೆ ಮಾಸುತ್ತದೆ. ಲೇಸರ್ ಒಂದು ಕ್ಷಣದಲ್ಲಿ ಮಾಡಿದ ಕೆಲಸವನ್ನು ಸೆಕೆಯೂ ಬಿಸಿಲೂ ವರ್ಷಗಟ್ಟಲೆ ಕೂತು ಎಲ್ಲ ಕಡೆಗೂ ಮಾಡುತ್ತವೆ. ಆಗ ಬರೆದ ಜಾಗಕ್ಕೂ ಬರೆಯದ ಜಾಗಕ್ಕೂ ಇರುವ ವ್ಯತ್ಯಾಸ ಅಳಿಯುತ್ತ ಬರುತ್ತದೆ. ಇನ್ನು ಲೋಹದ ಪದರ. ನಾವು ಬರೆಸಿಕೊಳ್ಳುವ ಡಿಸ್ಕುಗಳಲ್ಲಿ ಅದು ಬಹುತೇಕ ಬೆಳ್ಳಿ ಅಥವಾ ಬೆಳ್ಳಿಯ ಮಿಶ್ರಲೋಹ. ದೇವರ ಮನೆಯ ಬೆಳ್ಳಿಯ ಸಾಮಾನು ಹೇಗೆ ಕಪ್ಪಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಗಾಳಿಯಲ್ಲಿನ ಗಂಧಕದ ಅಂಶ ಇಲ್ಲಿಯೂ ಅದೇ ಕೆಲಸ ಮಾಡಬಲ್ಲದು. ಬಂಗಾರ ಕಪ್ಪಾಗುವುದಿಲ್ಲ, ಆದ್ದರಿಂದ ಬಂಗಾರದ ಲೇಪವಿದ್ದ ಡಿಸ್ಕುಗಳೂ ಬಂದವು. ಅವು ದುಬಾರಿಯಾದವು, ಪೇಟೆಯಲ್ಲಿ ಎಲ್ಲರ ಕೈಗೂ ಸಿಗಲಿಲ್ಲ.

ಹಾಗಾದರೆ ಆಯುಷ್ಯವೆಷ್ಟು? ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ಅಮೆರಿಕದ ಮಾನಕ ಮತ್ತು ತಂತ್ರಜ್ಞಾನಗಳ ರಾಷ್ಟ್ರೀಯ ಸಂಸ್ಥೆ 2003ರಲ್ಲಿ ಹೊರತಂದ ಕೈಪಿಡಿಯಲ್ಲಿ, ಪರೀಕ್ಷೆ ನಡೆಸಿದ ತಯಾರಕರ ಅಭಿಪ್ರಾಯವನ್ನು ಹೇಳಿದೆ: ವಿಧಿಸಿದ ರೀತಿಯಲ್ಲಿ ಕಾಪಾಡಿದರೆ, ಒಮ್ಮೆ ಬರೆಯುವ ಡಿಸ್ಕುಗಳಿಗೆ 100ರಿಂದ 200 ವರ್ಷ, ಅಳಿಸಿ ಬರೆಯುವಂಥವಕ್ಕೆ 25 ವರ್ಷ. ಈ ಅಂಕಿಗಳು ನೂರು ವರ್ಷ ಕಾದು ಕಂಡುಕೊಂಡವಲ್ಲ. ಡಿಸ್ಕುಗಳನ್ನು ಹೆಚ್ಚಿನ ಶಾಖದಲ್ಲಿ, ಹೆಚ್ಚಿನ ತೇವದಲ್ಲಿ ವಾರಗಟ್ಟಲೆ ಇಟ್ಟು, ಅವು ಎಷ್ಟು ಬೇಗ ಕೆಡುತ್ತವೆಂಬುದನ್ನು ಅಳೆದು, ಅದರಿಂದ ತಣ್ಣಗಿನ ಕೋಣೆಯ ಲೆಕ್ಕವನ್ನು ಕಟ್ಟಿದವು. ಕೆನಡಾದ ಸಂರಕ್ಷಣಾ ಸಂಸ್ಥೆಯವರ ಎಣಿಕೆ ಹೆಚ್ಚು ಎಚ್ಚರಿಕೆಯದು. ಒಳ್ಳೆಯ ಬಣ್ಣವೂ ಬಂಗಾರದ ಲೇಪವೂ ಇರುವ ಸಿ.ಡಿ.ಗೆ ಅವರು ನೂರು ವರ್ಷಕ್ಕೂ ಮೇಲೆ ಕೊಡುತ್ತಾರೆ. ಬೆಳ್ಳಿಯ ಲೇಪದ ಸಾಧಾರಣ ಡಿ.ವಿ.ಡಿ.-ಆರ್‌ಗೆ ಕೊಡುವುದು 10ರಿಂದ 20 ವರ್ಷ. ನಮ್ಮ ಮದುವೆಗಳ ಚಿತ್ರಗಳಿರುವುದು ಈ ಕೊನೆಯ ಜಾತಿಯ ಡಿಸ್ಕುಗಳಲ್ಲಿಯೇ.

ವಿಧಿಸಿದ ರೀತಿಯೆಂದರೆ ಏನೆಂಬುದನ್ನೂ ನೋಡಬೇಕು. ಆ ಕೈಪಿಡಿ ಹೇಳುವುದು 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೆ 20ರಿಂದ 50ರಷ್ಟು ತೇವ, ಕತ್ತಲೆ. ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 37-38 ಡಿಗ್ರಿ ಸಾಮಾನ್ಯ. ತಗಡಿನ ಛಾವಣಿಯ ಕೆಳಗೆ ಇನ್ನೂ ಹೆಚ್ಚು. ಆಷಾಢ-ಶ್ರಾವಣದಲ್ಲಿ ಗೋಡೆಯೇ ತೇವ ಹಿಡಿಯುತ್ತದೆ. ಹಳೆಯ ಮಣ್ಣಿನ ಮೇಲ್ಮುದ್ದೆಯ ಮನೆಯ ನಡುಕೋಣೆ, ಈ ದೃಷ್ಟಿಯಿಂದ, ಇಂದಿನ ಸಿಮೆಂಟಿನ ಮನೆಯ ಮೇಲಂತಸ್ತಿಗಿಂತ ಒಳ್ಳೆಯ ಭಂಡಾರ.

ಇಲ್ಲಿ ಇನ್ನೊಂದು ಸಂಗತಿಯಿದೆ. ಡಿಸ್ಕು ಮುಪ್ಪಾಗುತ್ತಿರುವುದು ನೋಡುವವನಿಗೆ ತಿಳಿಯುವುದಿಲ್ಲ. ಹಳೆಯ ಕ್ಯಾಸೆಟ್ಟು ಕೆಡುತ್ತ ಬಂದರೆ ಚಿತ್ರ ಮಸುಕಾಗುತ್ತಿತ್ತು, ಗೆರೆಗಳು ಏಳುತ್ತಿದ್ದವು. ಅದು ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿತ್ತು. ಡಿಸ್ಕು ಕೊನೆಯ ದಿನದವರೆಗೂ ಹೊಸತರಂತೆಯೇ ಓಡುತ್ತದೆ. ಒಂದು ದಿನ ನಿಂತುಬಿಡುತ್ತದೆ. ಹೀಗೇಕೆಂಬುದನ್ನು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದ ಒಂದು ಉದಾಹರಣೆಯಿಂದ ವಿವರಿಸಬಹುದು.

ಹಳಗನ್ನಡದ ಪದ್ಯವೊಂದು ತಾಳೆಗರಿಯಲ್ಲಿದೆಯೆನ್ನಿ. ಮೂರನೆಯ ಸಾಲಿನ ಎರಡನೆಯ ಅಕ್ಷರವನ್ನು ಹುಳು ತಿಂದಿದೆ. ಸಂಪಾದಕರು ಎದೆಗುಂದುವುದಿಲ್ಲ. ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿಯೂ ಒಂದೇ ವ್ಯಂಜನ ಬರಬೇಕೆಂಬುದು ಆದಿಪ್ರಾಸದ ನಿಯಮವಾದ್ದರಿಂದ, ಉಳಿದ ಮೂರು ಸಾಲುಗಳು ಕಳೆದುಹೋದ ವ್ಯಂಜನವನ್ನು ಹೇಳಿಕೊಡುತ್ತವೆ. ಅದು ಲಘುವೋ ಗುರುವೋ ಎಂಬುದನ್ನು ಛಂದಸ್ಸು ಹೇಳುತ್ತದೆ. ಕವಿ ಇಟ್ಟ ನಿಯಮವೇ ಪಾಠವನ್ನು ಕಾಯುತ್ತದೆ. ಡಿಸ್ಕಿನಲ್ಲಿಯೂ ಮೂಲ ವಿಷಯದ ಜೊತೆಗೆ ಇಂಥ ನಿಯಮಬದ್ಧವಾದ ಹೆಚ್ಚಿನ ಅಂಕಿಗಳನ್ನು ಸೇರಿಸಿ ಬರೆದಿರುತ್ತಾರೆ. ರೀಡ್ ಮತ್ತು ಸಾಲೊಮನ್ ಎಂಬಿಬ್ಬರು ಗಣಿತಜ್ಞರು 1960ರಲ್ಲಿ ತೋರಿಸಿದ ವಿಧಾನ ಇದಕ್ಕೆ ಆಧಾರ. ಅಲ್ಲಲ್ಲಿ ಅಕ್ಷರಗಳು ಹೋದರೂ ಯಂತ್ರ ಅವನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ನಮಗೆ ಚಿತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ನಾಲ್ಕು ಸಾಲಿನ ಎರಡನೆಯ ಅಕ್ಷರಗಳೂ ಹೋದ ಮೇಲೆ ಪ್ರಾಸ ಯಾರನ್ನು ತಾನೆ ಕಾದೀತು? ಅದೇ ರೀತಿ ತಪ್ಪುಗಳು ಒಂದು ಮಿತಿಯನ್ನು ದಾಟಿದೊಡನೆ ತಿದ್ದುವ ವ್ಯವಸ್ಥೆ ಒಮ್ಮೆಲೆ ಕುಸಿಯುತ್ತದೆ. ಆದುದರಿಂದ ‘ಹೋದ ವರ್ಷ ಚೆನ್ನಾಗಿ ಓಡಿತ್ತು’ ಎಂಬುದು ಡಿಸ್ಕಿನ ಆರೋಗ್ಯಕ್ಕೆ ಸಾಕ್ಷಿಯಲ್ಲ.

ಅಕ್ಕನ ಡಿಸ್ಕಿನ ವಿಚಾರಕ್ಕೆ ಮರಳುತ್ತೇನೆ. ಅದನ್ನು ಧಾರವಾಡಕ್ಕೆ ತಂದೆ. ಮೆತ್ತನೆಯ ಅರಿವೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಎರಡು ಮೂರು ಕಂಪ್ಯೂಟರುಗಳಲ್ಲಿ ಹಾಕಿ ನೋಡಿದೆ. ಒಂದು ಯಂತ್ರ ಓದದ್ದನ್ನು ಇನ್ನೊಂದು ಓದುವುದುಂಟು. ಸುಲಭವಾಗಿ ಓದಬರುವ ಭಾಗವನ್ನು ಮೊದಲು ನಕಲು ಮಾಡಿಕೊಂಡು, ಕಷ್ಟದ ಭಾಗವನ್ನು ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುವ ತಂತ್ರಾಂಶಗಳಿವೆ. ಅಂಥದೊಂದನ್ನು ರಾತ್ರಿಯೆಲ್ಲ ಓಡಿಸಿದೆ. ಬೆಳಗಿಗೆ ಬಹುಭಾಗ ಕೈಗೆ ಬಂದಿತ್ತು. ಕೊನೆಯ ಕೆಲವು ನಿಮಿಷ ಬರಲಿಲ್ಲ. ಬರವಣಿಗೆ ಒಳಗಿನಿಂದ ಹೊರಕ್ಕೆ ಹೋಗುವುದರಿಂದ, ತುಂಬಿದ ಡಿಸ್ಕಿನಲ್ಲಿ ಕೊನೆಯ ದೃಶ್ಯ ಅಂಚಿಗೆ ಇರುತ್ತದೆ. ಕೈಬೆರಳು ತಾಕುವುದು ಅಂಚಿಗೆ, ಡಿ.ವಿ.ಡಿ.ಯ ಎರಡು ತೆಳುಹಾಳೆಗಳನ್ನು ಅಂಟಿಸಿದ ಕೂಡುಗೆರೆಯಿಂದ ತೇವ ಒಳನುಗ್ಗುವುದೂ ಅಂಚಿನಿಂದಲೇ. ನಮ್ಮ ಮದುವೆಗಳಲ್ಲಿ ಮಗಳನ್ನು ಒಪ್ಪಿಸಿಕೊಡುವುದು ಕೊನೆಗೆ. ಹೀಗಾಗಿ ಮನಸ್ಸಿಗೆ ಹತ್ತಿರದ ಗಳಿಗೆ ಡಿಸ್ಕಿನ ಅತಿ ದುರ್ಬಲವಾದ ಜಾಗದಲ್ಲಿ ಕೂತಿರುತ್ತದೆ.

ಆಗ ನೆನಪಾಯಿತು, ಮದುವೆಯ ಹುಡುಗಿಗೂ ಒಂದು ಪ್ರತಿ ಕೊಟ್ಟಿದ್ದರು. ಅವಳ ಮನೆ ಕಲಘಟಗಿಯಲ್ಲಿ. ನೋಡುವ ಯಂತ್ರವೇ ಮನೆಯಲ್ಲಿಲ್ಲದ್ದರಿಂದ ಅವಳು ಅದನ್ನು ಹತ್ತು ವರ್ಷಗಳಿಂದ ತೆಗೆದಿರಲಿಲ್ಲ. ಟ್ರಂಕಿನ ತಳದಲ್ಲಿ, ಪೆಟ್ಟಿಗೆಯ ಸಮೇತ, ಧಾರೆಯ ಸೀರೆಯ ಮಡಿಕೆಯಲ್ಲಿ ಅದು ಇತ್ತು. ಹದಿನೈದು ನಿಮಿಷಗಳಲ್ಲಿ ಒಂದು ಅಕ್ಷರವೂ ತಪ್ಪದೆ ನಕಲಾಯಿತು. ಎರಡೂ ಡಿಸ್ಕುಗಳು ಒಂದೇ ದಿನ, ಒಂದೇ ಸ್ಟುಡಿಯೋದಲ್ಲಿ, ಒಂದೇ ಕಟ್ಟಿನಿಂದ ತೆಗೆದು ಬರೆದಂಥವು. ಒಂದು ಸಂಶಿಯಲ್ಲಿ ಟಿ.ವಿ.ಯ ಮೇಲೆ, ಪಶ್ಚಿಮದ ಕಿಟಕಿಯ ಬಿಸಿಲಿಗೆ, ಬರಿಯ ಕಾಗದದ ಲಕೋಟೆಯಲ್ಲಿತ್ತು. ಬಂದವರಿಗೆಲ್ಲ ತೋರಿಸಿ ತೋರಿಸಿ ಸವೆದಿತ್ತು. ಇನ್ನೊಂದು ಕತ್ತಲಲ್ಲಿ ಮರೆತುಹೋಗಿತ್ತು. ಪ್ರೀತಿಯಿಂದ ಎದುರಿಗೆ ಇಟ್ಟುಕೊಂಡದ್ದು ಕೆಟ್ಟಿತು, ಮರೆತದ್ದು ಉಳಿಯಿತು. ಇದರಲ್ಲಿ ಅಕ್ಕನ ತಪ್ಪೇನೂ ಇಲ್ಲ. ಬಿಸಿಲಿಗೆ ಇಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನು, ಏನು ಮಾಡಬೇಕು? ಮೊದಲನೆಯದಾಗಿ, ಮನೆಯಲ್ಲಿರುವ ಡಿಸ್ಕುಗಳನ್ನೆಲ್ಲ ಒಂದೆಡೆ ಕೂಡಿಸಿ, ನೋಡುವುದಕ್ಕೆ ಮುಂಚೆ ನಕಲು ಮಾಡಿಕೊಳ್ಳಬೇಕು. 2010ಕ್ಕಿಂತ ಹಿಂದಿನವು ಕಡಮೆಯ ಎಣಿಕೆಯ ಆಯುಷ್ಯವನ್ನು ಆಗಲೇ ಮುಗಿಸಿವೆ; ಅವುಗಳ ಸರದಿ ಮೊದಲು. ಡಿ.ವಿ.ಡಿ.ಯಲ್ಲಿ ‘ವೀಡಿಯೊ ಟಿ.ಎಸ್.’ ಎಂಬ ಹೆಸರಿನ ಒಂದು ಫೋಲ್ಡರಿರುತ್ತದೆ. ಅದನ್ನು ಇಡಿಯಾಗಿ ಕಂಪ್ಯೂಟರಿಗೆ ಎತ್ತಿಕೊಂಡರೆ ಸಾಕು. ಗಾತ್ರವನ್ನು ಕಿರಿದು ಮಾಡಿಕೊಡುತ್ತೇವೆಂದು ಯಾರಾದರೂ ಹೇಳಿದರೆ, ಮೂಲದ ನಕಲನ್ನು ಉಳಿಸಿಕೊಂಡೇ ಒಪ್ಪಬೇಕು. ಕಿರಿದಾದದ್ದು ಮತ್ತೆ ಹಿರಿದಾಗುವುದಿಲ್ಲ. ಒಂದು ಡಿ.ವಿ.ಡಿ.ಯಲ್ಲಿ ಹಿಡಿಸುವುದು 4.7 ಗಿಗಾಬೈಟು. ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕಿನಲ್ಲಿ ಇಂಥ ಇನ್ನೂರು ಡಿಸ್ಕುಗಳು ಹಿಡಿಸುತ್ತವೆ. ಒಂದು ಮನೆತನದ ಎಲ್ಲ ಮಂಗಳಕಾರ್ಯಗಳಿಗೂ ಅಷ್ಟು ಧಾರಾಳವಾಯಿತು.

ಎರಡನೆಯದಾಗಿ, ಹಾರ್ಡ್‌ಡಿಸ್ಕೂ ಅಮರವಲ್ಲ; ಅದೂ ಕೆಲವು ವರ್ಷಗಳಲ್ಲಿ ಕೈಕೊಡಬಹುದು. ಆದ್ದರಿಂದ ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ ಎಂಬುದು ಬಲ್ಲವರು ಒಪ್ಪಿದ ಲೆಕ್ಕ. ಸಂಶಿಯಲ್ಲೊಂದು, ಕಲಘಟಗಿಯಲ್ಲೊಂದು, ಇಂಟರ್‌ನೆಟ್ಟಿನ ಸಂಗ್ರಹದಲ್ಲೊಂದು ಇದ್ದರೆ ಆ ಲೆಕ್ಕ ಮುಗಿಯಿತು. ಎರಡು ಮೂರು ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸ ಸಾಧನ ಬಂದಾಗ ಅದಕ್ಕೆ ವರ್ಗಾಯಿಸಬೇಕು.

ಮೂರನೆಯದಾಗಿ, ಮೂಲ ಡಿಸ್ಕನ್ನು ಎಸೆಯಬಾರದು. ಅದನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ತಂಪಾದ ಕತ್ತಲ ಜಾಗದಲ್ಲಿಡಬೇಕು. ಮೇಲೆ ಕಾಗದದ ಚೀಟಿ ಅಂಟಿಸಬಾರದು, ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು. ಸಿ.ಡಿ.ಯಲ್ಲಂತೂ ಹೆಸರು ಬರೆಯುವ ಬದಿಯೇ ಹೆಚ್ಚು ನಾಜೂಕು; ಲೋಹದ ಪದರ ಅಲ್ಲಿ ಮೆರುಗೆಣ್ಣೆಯ ತೆಳುವಾದ ಒಂದು ಲೇಪದ ಕೆಳಗಿರುತ್ತದೆ. ಗೀರು ಬಿದ್ದದ್ದಕ್ಕೆ ಹಲ್ಲುಜ್ಜುವ ಪೇಸ್ಟು ಹಚ್ಚುವ ಮನೆಮದ್ದನ್ನು, ಬೇರೆ ಪ್ರತಿಯಿಲ್ಲದ ಡಿಸ್ಕಿನ ಮೇಲೆ ಪ್ರಯೋಗಿಸದಿರುವುದು ಕ್ಷೇಮ.

ಬಣ್ಣವೇ ಇಲ್ಲದ, ಕಲ್ಲಿನಂಥ ಪದರವಿರುವ ಡಿಸ್ಕುಗಳೂ ಇವೆ. 2009ರಲ್ಲಿ ‘ಎಂ-ಡಿಸ್ಕ್’ ಎಂಬುದು ಬಂತು. ಅದು ಸಾವಿರ ವರ್ಷ ಬಾಳುತ್ತದೆಂದು ತಯಾರಕರೇ ಹೇಳಿಕೊಂಡರು. ಬಾಳಲಿ. ಆದರೆ ಅದನ್ನು ಓದುವ ಯಂತ್ರ ಎಷ್ಟು ಕಾಲ ಬಾಳುತ್ತದೆ? ವೀಡಿಯೊ ಕ್ಯಾಸೆಟ್ಟಿನ ಯಂತ್ರವನ್ನು ಮಾಡುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಬರೆಯುವ ಡಿಸ್ಕನ್ನು ಮೊದಲು ರೂಪಿಸಿದ ತೈಯೊ ಯುಡೆನ್ 2015ರ ಕೊನೆಗೆ ಆ ವ್ಯವಹಾರದಿಂದ ಹೊರಬಂದಿತು. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಲಿಪಿ ಉಳಿದರೂ ಓದುಗರಿಲ್ಲದ ಶಾಸನದ ಸ್ಥಿತಿ ಇದು. ಸಂಶಿಯಲ್ಲಿ ನಾವು ನೆರೆಮನೆಯಿಂದ ಪ್ಲೇಯರನ್ನು ತಂದಂತೆ ಇನ್ನು ಹತ್ತು ವರ್ಷಕ್ಕೆ ತರಲಾದೀತೆಂದು ಹೇಳಲು ಬರುವುದಿಲ್ಲ.

ಇಷ್ಟಕ್ಕೂ, ವಸ್ತು ಗಟ್ಟಿಯಾಗಿದ್ದರಿಂದಲೇ ಯಾವುದೂ ಉಳಿದಿಲ್ಲ. ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು ಸುಮಾರು ಕ್ರಿ.ಶ. 941ರಲ್ಲಿ, ರೈಸರು ಅದನ್ನು ಮುದ್ರಿಸಿದ್ದು 1898ರಲ್ಲಿ. ನಡುವಿನ 950 ವರ್ಷಗಳ ಕಾಲ ಬಾಳುವ ತಾಳೆಗರಿ ಎಲ್ಲಿತ್ತು? ಗರಿ ಜೀರ್ಣವಾಗುವ ಮೊದಲೇ ಯಾರೋ ಹೆಸರಿಲ್ಲದ ಲಿಪಿಕಾರ ಕೂತು ಹೊಸ ಗರಿಗೆ ಇಳಿಸಿದ. ಅವನ ಮೊಮ್ಮಕ್ಕಳ ಕಾಲಕ್ಕೆ ಇನ್ನೊಬ್ಬ ಇಳಿಸಿದ. ಇದಕ್ಕೆ ಎದುರಾಗಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು, ಜನ ಮುಗಿಬಿದ್ದು ನೋಡಿದರು. ಇಂದು ಅದರ ಒಂದು ಪ್ರತಿಯೂ ಉಳಿದದ್ದು ತಿಳಿದುಬಂದಿಲ್ಲ. ಸಾವಿರ ವರ್ಷದ ಕಾವ್ಯ ಉಳಿಯಿತು, ನೂರು ವರ್ಷ ತುಂಬದ ಚಿತ್ರ ಹೋಯಿತು. ನಕಲು ಮಾಡುವ ಕೈ ಇದ್ದದ್ದು ಉಳಿಯಿತು, ಇಲ್ಲದ್ದು ಹೋಯಿತು. ಲಿಪಿಕಾರನಿಗೆ ಇಲ್ಲದ ಒಂದು ಭಾಗ್ಯವೂ ನಮಗಿದೆ: ಅವನ ಪ್ರತಿಯಲ್ಲಿ ಕೈತಪ್ಪು ಸೇರುತ್ತಿತ್ತು, ಅಂಕಿಗಳ ರೂಪದಲ್ಲಿರುವುದನ್ನು ಸರಿಯಾಗಿ ನಕಲು ಮಾಡಿದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ.

ಎರೆಹೊಲದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆಯ ಜೋಳವನ್ನು ಯಾರೂ ಇಪ್ಪತ್ತು ವರ್ಷ ಗಡಿಗೆಯಲ್ಲಿಟ್ಟು ಕಾಯುವುದಿಲ್ಲ. ಬಿತ್ತಿ, ಬೆಳೆದು, ಹೊಸ ಬೀಜ ತೆಗೆದಿಟ್ಟುಕೊಳ್ಳುವುದೇ ಬೀಜವನ್ನು ಕಾಯುವ ರೀತಿ.

ಕಲಘಟಗಿಯ ಪ್ರತಿಯನ್ನು ನಕಲು ಮಾಡಿಕೊಂಡು ಸಂಶಿಗೆ ಹೋದೆ. ಫೋನಿನಲ್ಲಿಯೇ ತೋರಿಸಿದೆ. ಮಗಳ ಕೈಯನ್ನು ಬೀಗರ ಕೈಯಲ್ಲಿಡುತ್ತ ಭಾವನವರು ಹೇಳಿದ ಮಾತು ಎರಡೇ ಎರಡು: “ಕೂಸು ಭಾಳ ಮಾತಾಡಾಂಗಿಲ್ಲ. ನೀವ ಕೇಳಿ ತಿಳಕೋರಿ.” ಅಷ್ಟಕ್ಕೆ ಹಿಡಿದದ್ದು ಐದಾರು ಸೆಕೆಂಡು. ಅಕ್ಕ ಮೂರು ಸಲ ಕೇಳಿದರು. ಆಮೇಲೆ ಮೊಮ್ಮಗನನ್ನು ಕರೆದು, “ಇದನ್ನ ನಿನ್ನ ಫೋನಿಗೂ ಹಾಕ್ಕೊ” ಎಂದರು.